ನಾಡ ಕೋವಿ ಎಷ್ಟು ಜನರ ಹತ್ತಿರ ಇದೆ? ಎಣಿಸೋಕೆ ಹೊರಟರೆ ಏನಾಗುತ್ತದೆ

ಚುನಾವಣೆ ಘೋಷಣೆ ಆಯಿತು ಅಂದರೆ ನಮ್ಮ ಮಲೆನಾಡಿನ ಕಡೆ ಒಂದು ಮೆರವಣಿಗೆ ಶುರುವಾಗುತ್ತದೆ. ಪಕ್ಷದವರದ್ದಲ್ಲ, ಕೋವಿಗಳದ್ದು. ಲೈಸೆನ್ಸ್ ಇರುವವರು ತಮ್ಮ ಕೋವಿಯನ್ನು ಗೋಣಿಚೀಲದಲ್ಲೋ ಹಳೇ ಪಂಚೆಯಲ್ಲೋ ಸುತ್ತಿಕೊಂಡು ಪೊಲೀಸ್ ಠಾಣೆಗೆ ಹೋಗಿ ಜಮಾ ಮಾಡಿ, ರಸೀದಿ ಇಸಕೊಂಡು ಬರಬೇಕು. ಫಲಿತಾಂಶ ಎಲ್ಲ ಮುಗಿದ ಮೇಲೆ ಮತ್ತೆ ಹೋಗಿ ತರಬೇಕು. ಅಷ್ಟು ದಿನ ಕಾಡುಹಂದಿಗಳಿಗೆ ಹಬ್ಬ. ನಮ್ಮ ಮನೆಯಲ್ಲೂ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇದೆ. ಅದೂ ಹೀಗೇ ಐದು ವರ್ಷಕ್ಕೆ ಎರಡು ಮೂರು ಸಲ ಠಾಣೆ ನೋಡಿಕೊಂಡು ಬರುತ್ತದೆ. ಅಂಥ ಒಂದು ಏಪ್ರಿಲ್ ರಾತ್ರಿ, ಊರಿನ ಕೋವಿಗಳೆಲ್ಲ ಠಾಣೆಯ ಕೋಣೆಯಲ್ಲಿ ಮಲಗಿದ್ದಾಗ, ಗುಡ್ಡದ ಆಚೆಯಿಂದ ಈಡಿನ ಸದ್ದು ಕೇಳಿತು. ಒಂದೇ ಈಡು. ಊಟಕ್ಕೆ ಕೂತಿದ್ದ ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟರು. "ಅದು ಲೆಕ್ಕಕ್ಕೆ ಬರದ್ದು" ಅಂದರು. ಮತ್ತೆ ಸಾರು ಕಲಸಿಕೊಂಡರು.

ಆ ಲೆಕ್ಕಕ್ಕೆ ಬರದ ಕೋವಿಗಳು ಎಷ್ಟಿರಬಹುದು? ನೂರು ಜನ ವಯಸ್ಕರನ್ನು ಸಾಲಾಗಿ ನಿಲ್ಲಿಸಿದರೆ, ಕಾರ್ಖಾನೆಯಲ್ಲಿ ತಯಾರಾಗದ, ಕೈಯಲ್ಲಿ ಮಾಡಿದ ಬಂದೂಕು ಎಷ್ಟು ಜನರ ಹತ್ತಿರ ಇದೆ? ಪ್ರಶ್ನೆ ಕೇಳೋಕೆ ಸುಲಭ. ಉತ್ತರ ಅಂತ ಓಡಾಡುವ ಅಂಕಿಗಳೂ ಬೇಕಾದಷ್ಟಿವೆ. ಆದರೆ ಒಂದೊಂದನ್ನೇ ಬಿಡಿಸಿ ನೋಡಿದರೆ ಅದು ಎಣಿಸಿರುವುದು ಬೇರೆ ಏನನ್ನೋ ಆಗಿರುತ್ತದೆ. ಅದು ಹೇಗೆ ಅಂತ ನೋಡೋಣ.

ಮೊದಲು "ನಾಡ" ಅನ್ನುವ ಮಾತು. ನಾಡ ಹೆಂಚು ಅಂದರೆ ಕುಂಬಾರ ಮಾಡಿದ್ದು, ಮಂಗಳೂರು ಹೆಂಚು ಅಂದರೆ ಕಾರ್ಖಾನೆಯದ್ದು. ನಾಡ ಕೋವಿಯೂ ಹಾಗೇ, ಕೈಕಸುಬಿನದ್ದು. ಅದು ಕಾನೂನಿಗೆ ವಿರುದ್ಧ ಅಂತ ಆ ಮಾತಿಗೆ ಅರ್ಥ ಇಲ್ಲ. ಪತ್ರಿಕೆಯಲ್ಲಿ "ನಾಡ ಬಂದೂಕು ವಶ" ಅಂತ ಓದಿ ಓದಿ ನಮಗೆ ಎರಡೂ ಒಂದೇ ಅನ್ನಿಸಿಬಿಟ್ಟಿದೆ. ನಿಜವಾಗಿ ನೋಡಿದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಬಂದೂಕನ್ನು ಮಾಡಿದವರು ಯಾರು, ಮತ್ತೆ ಇಟ್ಟುಕೊಂಡವರ ಹತ್ತಿರ ಕಾಗದ ಇದೆಯಾ ಇಲ್ಲವಾ. ಕಾಗದ ಇರುವ ಹಳೇ ಮಾದರಿಯ ಕೇಪಿನ ಕೋವಿಗಳು ಮಲೆನಾಡಿನಲ್ಲಿ ಇವೆ. ಠಾಣೆಯ ಭಾಷೆಯಲ್ಲಿ ಅದಕ್ಕೆ ಎಸ್‌ಬಿಎಂಎಲ್ ಅನ್ನುತ್ತಾರೆ, ಅಂದರೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಿದ್ದು. ಇನ್ನೊಂದು ಕಡೆ, ವಿದೇಶದ ಕಾರ್ಖಾನೆಯಲ್ಲಿ ತಯಾರಾದ ಹೊಳೆಯುವ ಪಿಸ್ತೂಲನ್ನು ಯಾರೋ ಕಳ್ಳದಾರಿಯಲ್ಲಿ ತಂದಿಟ್ಟುಕೊಂಡಿರುತ್ತಾರೆ. ಅದು ಅಕ್ರಮ, ಆದರೆ ನಾಡ ಅಲ್ಲ.

ಕೊಡಗಿಗೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರು 1861ರಲ್ಲಿ ಕೊಟ್ಟಿದ್ದು ಇವತ್ತಿಗೂ ನಡೆದುಕೊಂಡು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬದ ದಿನ ತೋಕ್‌ಗೆ, ಅಂದರೆ ಕೋವಿಗೆ, ಹೂ ಇಟ್ಟು ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಅವರ ಹತ್ತಿರ ವಿನಾಯಿತಿ ಪತ್ರ ಇದೆ, ಲೈಸೆನ್ಸ್ ಇಲ್ಲ. ಹಾಗಾಗಿ ಬರೀ ಲೈಸೆನ್ಸ್ ಪಟ್ಟಿ ನೋಡಿಕೊಂಡು ಕೂತರೆ ಕರ್ನಾಟಕದಲ್ಲಿ ಕೋವಿಯನ್ನು ಅತಿ ಹೆಚ್ಚು ಪ್ರೀತಿಸುವ ಜಿಲ್ಲೆಯ ಎಷ್ಟೋ ಮನೆಗಳು ಲೆಕ್ಕದಿಂದ ಜಾರಿಹೋಗುತ್ತವೆ.

"ಮನೆಯಲ್ಲಿ ಮಾಡಿದ್ದು" ಅನ್ನುವುದೂ ನಮ್ಮ ದೇಶಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಬಂದೂಕು ಇಟ್ಟುಕೊಂಡವನು ತಾನೇ ಮಾಡಿಕೊಂಡಿರುವುದು ಬಹಳ ಅಪರೂಪ. ಬಿಹಾರದ ಮುಂಗೇರ್ ಊರನ್ನು ತೆಗೆದುಕೊಳ್ಳಿ. 1760ರ ದಶಕದಲ್ಲಿ ಬಂಗಾಳದ ನವಾಬ ಮೀರ್ ಖಾಸಿಂ ಈಸ್ಟ್ ಇಂಡಿಯಾ ಕಂಪನಿಯ ಕಾಟ ತಪ್ಪಿಸಿಕೊಳ್ಳೋಕೆ ರಾಜಧಾನಿಯನ್ನು ಮುರ್ಷಿದಾಬಾದಿನಿಂದ ಅಲ್ಲಿಗೆ ಒಯ್ದ, ಜೊತೆಗೆ ಆಯುಧ ಮಾಡುವ ಕಾರ್ಖಾನೆಯನ್ನೂ ಇಟ್ಟ. ನವಾಬ ಹೋದ, ಕಸುಬು ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿ ಲೈಸೆನ್ಸ್ ಪಡೆದ ಬಂದೂಕು ಘಟಕಗಳು ಇದ್ದವು. ಆದರೆ ಕಾನೂನುಬದ್ಧ ಬಂದೂಕಿಗೆ ಗಿರಾಕಿ ಕಡಿಮೆಯಾದ ಹಾಗೆ, ಕೈಯಲ್ಲಿ ಕಸುಬು ಇದ್ದು ಹೊಟ್ಟೆಗೆ ಇಲ್ಲದ ಕೆಲಸಗಾರರು ಬೇರೆ ದಾರಿ ಹಿಡಿದರು. ಮಧ್ಯಪ್ರದೇಶದ ಖರಗೋನ್, ಬಡವಾನಿ, ಧಾರ್ ಕಡೆಯೂ ಇಂಥದ್ದೇ ಸಣ್ಣ ಕುಲುಮೆಗಳ ಕಥೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಕೊನ್ಯಾಕರು ತಲೆಮಾರುಗಳಿಂದ ಬೇಟೆಯ ಕೋವಿ ಮಾಡುವುದರಲ್ಲಿ ಹೆಸರಾದವರು, ಅದು ಮತ್ತೆ ಬೇರೆಯೇ ಲೋಕ. ನಮ್ಮ ವಿಜಯಪುರ, ಕಲಬುರಗಿ ಕಡೆ ಸಿಕ್ಕ ಎಷ್ಟೋ ಪಿಸ್ತೂಲುಗಳ ಜಾಡು ಹಿಡಿದು ಹೋದರೆ ಮಧ್ಯಪ್ರದೇಶ ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ಉತ್ತರದಲ್ಲಿ ಅದಕ್ಕೆ ಕಟ್ಟಾ, ತಮಂಚಾ ಅನ್ನುತ್ತಾರೆ, ನಮ್ಮಲ್ಲಿ ಕಂಟ್ರಿ ಪಿಸ್ತೂಲು. ಒಟ್ಟಿನಲ್ಲಿ ಇದು ಮನೆಯ ಹಪ್ಪಳ ಸಂಡಿಗೆ ಥರದ್ದಲ್ಲ. ಮಾಡುವವರು, ಸಾಗಿಸುವವರು, ಕೊಳ್ಳುವವರು ಎಲ್ಲ ಬೇರೆ ಬೇರೆ ಇರುವ ಒಂದು ಕಳ್ಳ ಕೈಗಾರಿಕೆ.

ಸರಿ, ಈಗ ಅಂಕಿಗಳು. ಈ ವಿಷಯದಲ್ಲಿ ಎಲ್ಲರೂ ಕಣ್ಣುಮುಚ್ಚಿ ಎತ್ತಿಕೊಳ್ಳುವ ಲೆಕ್ಕ ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆಯದ್ದು. 2018ರಲ್ಲಿ ಪ್ರಕಟವಾಯಿತು, 2017ರ ಸ್ಥಿತಿ. ಪ್ರಪಂಚದಲ್ಲಿ ಸಾಮಾನ್ಯ ಜನರ ಕೈಯಲ್ಲಿ ಸುಮಾರು 85.7 ಕೋಟಿ ಬಂದೂಕುಗಳಿವೆ ಅಂತ ಅದು ಹೇಳುತ್ತದೆ. ಅದರಲ್ಲಿ ಅಮೆರಿಕದ್ದೇ 39.3 ಕೋಟಿ, ಅಂದರೆ ಅಲ್ಲಿ ತಲೆಗಿಂತ ಬಂದೂಕು ಜಾಸ್ತಿ. ಎರಡನೇ ಸ್ಥಾನ ಯಾರದ್ದು ಗೊತ್ತಾ? ನಮ್ಮದು. 7.11 ಕೋಟಿ. ನೂರು ಜನಕ್ಕೆ ಐದು ಚಿಲ್ಲರೆ.

ಈ 7.11 ಕೋಟಿಯನ್ನು ನೋಡಿ ತಲೆಬರಹ ಬರೆದವರು ಬಹಳ ಜನ. ಅದರ ಪಕ್ಕದಲ್ಲೇ ಇನ್ನೆರಡು ಕಾಲಮ್ ಇರುವುದನ್ನು ಓದಿದವರು ಕಡಿಮೆ. ನೋಂದಣಿ ಆಗಿದ್ದು 97 ಲಕ್ಷ. ಆಗದೇ ಇದ್ದದ್ದು 6.14 ಕೋಟಿ. ಏಳರಲ್ಲಿ ಆರು ಪಾಲಿಗೂ ಜಾಸ್ತಿ ಯಾವ ಪುಸ್ತಕದಲ್ಲೂ ಬರೆದಿಲ್ಲದ ಬಂದೂಕು. ಹಾಗಾದರೆ ಅದನ್ನು ಎಣಿಸಿದ್ದು ಹೇಗೆ? ಎಣಿಸಿಲ್ಲ, ಅಂದಾಜು ಮಾಡಿದ್ದು. ನೋಂದಣಿ ದಾಖಲೆ ಇದ್ದರೆ ಅದು, ಜನರನ್ನು ಕೇಳಿದ ಸಮೀಕ್ಷೆ ಇದ್ದರೆ ಅದು, ಎರಡೂ ಇಲ್ಲದಿದ್ದರೆ ತಜ್ಞರ ಅಂದಾಜು, ಅದೂ ಇಲ್ಲದಿದ್ದರೆ ಅಂಥದ್ದೇ ಬೇರೆ ದೇಶದ ಜೊತೆ ಹೋಲಿಕೆ. ಇದು ಆ ಸಂಸ್ಥೆಯೇ ಬಿಚ್ಚಿಟ್ಟಿರುವ ವಿಧಾನ, ಮುಚ್ಚುಮರೆ ಏನೂ ಇಲ್ಲ. ತಪ್ಪು ಅವರದ್ದಲ್ಲ, ಅಂದಾಜನ್ನು ಎಣಿಕೆ ಅಂತ ಓದಿದವರದ್ದು. ಕೈಕಸುಬಿನ ಬಂದೂಕೂ ಅವರ ವ್ಯಾಖ್ಯಾನದೊಳಗೆ ಬರುತ್ತದೆ. ಆದರೆ ಆ 6.14 ಕೋಟಿಯಲ್ಲಿ ಎಷ್ಟು ಕೈಯಲ್ಲಿ ಮಾಡಿದ್ದು, ಎಷ್ಟು ಕಾರ್ಖಾನೆಯದ್ದು ಅನ್ನುವ ವಿಂಗಡಣೆ ಇಲ್ಲ.

ಕಾಗದ ಇರುವ ಭಾಗವೂ ಅಷ್ಟು ಗಟ್ಟಿಯಾಗಿಲ್ಲ. ಕೇಂದ್ರ ಗೃಹ ಸಚಿವಾಲಯದ ಪ್ರಕಾರ 2016ರ ಕೊನೆಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಬಂದೂಕು ಲೈಸೆನ್ಸ್‌ಗಳು 33.69 ಲಕ್ಷ. ಉತ್ತರ ಪ್ರದೇಶ ಒಂದರಲ್ಲೇ 12.77 ಲಕ್ಷ. ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ಆಗ ಒಂದು ಲೈಸೆನ್ಸ್ ಮೇಲೆ ಮೂರು ಬಂದೂಕಿನವರೆಗೆ ಇಟ್ಟುಕೊಳ್ಳಬಹುದಿತ್ತು, ಆಯುಧ ಕಾಯ್ದೆಗೆ ಬಂದ 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಈಗ ಗುಣಿಸಿ ನೋಡಿ. ಲೈಸೆನ್ಸ್ ಇರುವ ಹೆಚ್ಚುಕಡಿಮೆ ಪ್ರತಿಯೊಬ್ಬರೂ ಮೂರು ಮೂರು ಇಟ್ಟುಕೊಂಡಿದ್ದರೆ ಮಾತ್ರ 97 ಲಕ್ಷದ ಹತ್ತಿರ ಬರುತ್ತದೆ. ನಮ್ಮೂರಲ್ಲಿ ಎರಡು ಇಟ್ಟುಕೊಂಡವರನ್ನೇ ನಾನು ಬೆರಳಲ್ಲಿ ಎಣಿಸಬಲ್ಲೆ. ಗೊತ್ತಿರುವ ಭಾಗದ ಕಥೆಯೇ ಹೀಗೆ. ಇನ್ನು ಗೊತ್ತಿಲ್ಲದ ಭಾಗ?

ಅದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಪೆನ್ನು ಪೇಪರ್ ಸಾಕು. 2019ರ ಲೋಕಸಭೆ ಚುನಾವಣೆಗೆ ದೇಶದಲ್ಲಿ ಸುಮಾರು 91 ಕೋಟಿ ಮತದಾರರಿದ್ದರು, ಅವರನ್ನೇ ವಯಸ್ಕರು ಅಂದುಕೊಳ್ಳಿ. 6.14 ಕೋಟಿ ಬಂದೂಕನ್ನು ತಲೆಗೆ ಒಂದರಂತೆ ಹಂಚಿದರೆ ನೂರರಲ್ಲಿ ಆರು ಏಳು ವಯಸ್ಕರ ಹತ್ತಿರ ಕಾಗದವಿಲ್ಲದ ಬಂದೂಕು ಇರಬೇಕು. ಕರ್ನಾಟಕದಲ್ಲಿ 2023ರಲ್ಲಿ 5.3 ಕೋಟಿ ಮತದಾರರು. ಅದೇ ಪ್ರಮಾಣ ಹಿಡಿದರೆ ನಮ್ಮ ರಾಜ್ಯಕ್ಕೆ ಸುಮಾರು 36 ಲಕ್ಷ. 31 ಜಿಲ್ಲೆಗೆ ಹಂಚಿ. ಜಿಲ್ಲೆಗೆ 1.15 ಲಕ್ಷ ಚಿಲ್ಲರೆ ಬರುತ್ತದೆ. ಅಂದರೆ ಇಡೀ ರಾಜ್ಯದಲ್ಲಿ ಇರುವ ಲೈಸೆನ್ಸ್‌ಗಳಷ್ಟು ಅಕ್ರಮ ಬಂದೂಕು ಒಂದೊಂದು ಜಿಲ್ಲೆಯಲ್ಲೂ ಇರಬೇಕು. ಚಿಕ್ಕಮಗಳೂರಿನಲ್ಲಿ ಮಾತ್ರ ಅಲ್ಲ, ಮಂಡ್ಯ, ಕೋಲಾರ, ಗದಗದಲ್ಲೂ. ನಂಬಿಕೆ ಬರುತ್ತದಾ? ನನಗಂತೂ ಇಲ್ಲ. ಉತ್ತರ ಪ್ರದೇಶ, ಬಿಹಾರದ ಪಾಲು ಜಾಸ್ತಿ, ನಮ್ಮದು ಕಡಿಮೆ ಅಂತ ವಾದ ಮಾಡಬಹುದು, ಮಾಡಬೇಕು ಕೂಡ. ಆದರೆ ನಮ್ಮ ಪಾಲನ್ನು ಇಳಿಸಿದಷ್ಟೂ ಆ ಕಡೆಯವರ ಪಾಲು ಏರಬೇಕಲ್ಲ. ಎಲ್ಲೋ ಒಂದು ಕಡೆ ಮೂರು ಮನೆಗೆ ಒಂದು ಕಟ್ಟಾ ಇರಬೇಕಾಗುತ್ತದೆ.

ಇನ್ನೂ ಒಂದು ಮಾತು ಇಲ್ಲಿ ಬಿಟ್ಟುಹೋಗಬಾರದು. ಕಾಗದ ಇಲ್ಲದ ಬಂದೂಕೆಲ್ಲ ಕಳ್ಳಸಂತೆಯಿಂದ ಬಂದಿದ್ದಲ್ಲ. ಅಜ್ಜನ ಹೆಸರಲ್ಲಿ ಲೈಸೆನ್ಸ್ ಇರುತ್ತದೆ. ಅಜ್ಜ ತೀರಿಕೊಳ್ಳುತ್ತಾರೆ. ಮಕ್ಕಳಲ್ಲಿ ಒಬ್ಬ ಬೆಂಗಳೂರು, ಒಬ್ಬ ಪುಣೆ. ಹೆಸರು ಬದಲಾಯಿಸೋಕೆ ಯಾರೂ ಕಚೇರಿಗೆ ಅಲೆಯುವುದಿಲ್ಲ. ಗೋಡೆಯಿಂದ ಒಂದು ಇಂಚೂ ಅಲುಗಾಡದೆ, ತುಕ್ಕು ಹಿಡಿಯುತ್ತ ತೂಗಾಡುತ್ತಲೇ ಆ ಕೋವಿ ಸಕ್ರಮದಿಂದ ಅಕ್ರಮಕ್ಕೆ ಜಾರುತ್ತದೆ. ಇಂಥವು ಎಷ್ಟೋ. ಇದನ್ನೂ ರೌಡಿಯ ಸೊಂಟದ ಪಿಸ್ತೂಲನ್ನೂ ಒಂದೇ ಅಂಕಿಯೊಳಗೆ ತುಂಬಿದರೆ ಆ ಅಂಕಿ ಏನು ಹೇಳಬೇಕು ಪಾಪ.

"ಪೊಲೀಸರ ಹತ್ತಿರ ಲೆಕ್ಕ ಇರುತ್ತಲ್ಲ" ಅಂತ ನೀವು ಕೇಳಬಹುದು. ಇರುತ್ತದೆ. ಆದರೆ ಅದು ಹಿಡಿದಿದ್ದರ ಲೆಕ್ಕ, ಇರುವುದರ ಲೆಕ್ಕ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅದೇ ಎನ್‌ಸಿಆರ್‌ಬಿ, ಪ್ರತಿ ವರ್ಷದ ವರದಿಯಲ್ಲಿ ವಶಪಡಿಸಿಕೊಂಡ ಆಯುಧಗಳ ಪಟ್ಟಿ ಕೊಡುತ್ತದೆ. ಅಲ್ಲಿ ಎರಡು ಗುಂಪು. ಒಂದರಲ್ಲಿ ಲೈಸೆನ್ಸ್ ಇರುವ, ಕಾರ್ಖಾನೆಯಲ್ಲಿ ತಯಾರಾದ ಬಂದೂಕು. ಇನ್ನೊಂದರಲ್ಲಿ ಲೈಸೆನ್ಸ್ ಇಲ್ಲದ, ಒರಟಾಗಿ ಜೋಡಿಸಿದ, ನಾಡ ಬಂದೂಕು. ಸಿಕ್ಕಿಬಿದ್ದದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಎರಡನೇ ಗುಂಪಿನದ್ದೇ. ನಾಡ ಅನ್ನುವುದನ್ನೂ ಲೈಸೆನ್ಸ್ ಇಲ್ಲ ಅನ್ನುವುದನ್ನೂ ಸೇರಿಸಿಬಿಡಬೇಡಿ ಅಂತ ಆಗಲೇ ಹೇಳಿದ್ದೆನಲ್ಲ, ಇಲ್ಲಿ ಸರ್ಕಾರದ ಪಟ್ಟಿಯೇ ಅವೆರಡನ್ನೂ ಒಂದೇ ಬುಟ್ಟಿಗೆ ಹಾಕಿದೆ.

ಬುಟ್ಟಿಯ ಮಾತು ಬಿಡಿ, ಹಿಡಿದಿದ್ದರ ಲೆಕ್ಕಕ್ಕೇ ಇನ್ನೊಂದು ರೋಗ ಇದೆ. ಸುಮ್ನೆ ಊಹೆ ಮಾಡಿಕೊಳ್ಳಿ. ಒಂದು ತಾಲ್ಲೂಕಿನಲ್ಲಿ 500 ನಾಡ ಕೋವಿ ಇವೆ, ಅಲ್ಲಿನ ಇನ್ಸ್‌ಪೆಕ್ಟರ್ ಚುರುಕು, ವರ್ಷಕ್ಕೆ 50 ಹಿಡಿಯುತ್ತಾರೆ. ಪಕ್ಕದ ತಾಲ್ಲೂಕಿನಲ್ಲಿ 5,000 ಇವೆ, ಯಾರೂ ಆ ಕಡೆ ತಲೆ ಹಾಕುವುದಿಲ್ಲ, ವರ್ಷಕ್ಕೆ 5 ಸಿಗುತ್ತವೆ. ಪೇಪರಿನಲ್ಲಿ ಕುಖ್ಯಾತ ಆಗುವುದು ಯಾವ ತಾಲ್ಲೂಕು? ಕೆರೆಯಲ್ಲಿ ಎಷ್ಟು ಮೀನಿದೆ ಅನ್ನುವುದನ್ನು ಬಲೆಗೆ ಬಿದ್ದದ್ದು ನೋಡಿ ಹೇಳಬೇಕಾದರೆ ಬಲೆ ಎಷ್ಟು ಸಲ ಬಿತ್ತು, ಕಣ್ಣು ಎಷ್ಟು ದೊಡ್ಡದು ಅನ್ನುವುದೂ ಗೊತ್ತಿರಬೇಕು. ಚುನಾವಣೆ ವರ್ಷದಲ್ಲಿ ದಾಳಿ ಜಾಸ್ತಿ, ಹಾಗಾಗಿ ವಶವೂ ಜಾಸ್ತಿ. ಆ ವರ್ಷ ಜನ ಹೊಸದಾಗಿ ಬಂದೂಕು ಕೊಂಡರು ಅಂತ ಅರ್ಥವಲ್ಲ.

ಇಷ್ಟೆಲ್ಲ ಯಾಕೆ, ನೇರವಾಗಿ ಮನೆ ಮನೆಗೆ ಹೋಗಿ ಕೇಳಬಾರದಾ? ನಮ್ಮ ದೇಶದಲ್ಲಿ ಮನೆ ಬಾಗಿಲಿಗೆ ಬಂದು ಕೇಳುವ ದೊಡ್ಡ ಕೆಲಸಗಳು ಎರಡು, ಜನಗಣತಿ ಮತ್ತು ಕುಟುಂಬ ಆರೋಗ್ಯ ಸಮೀಕ್ಷೆ. 2011ರ ಜನಗಣತಿಯಲ್ಲಿ ರೇಡಿಯೋ ಇದೆಯಾ, ಟಿವಿ ಇದೆಯಾ, ಸೈಕಲ್ ಇದೆಯಾ ಅಂತ ಕೇಳಿದರು. ಆರೋಗ್ಯ ಸಮೀಕ್ಷೆಯವರು ಪ್ರೆಶರ್ ಕುಕ್ಕರ್, ಹಾಸಿಗೆ, ಹೊಲಿಗೆ ಯಂತ್ರವನ್ನೂ ಬಿಡದೆ ಕೇಳುತ್ತಾರೆ. ಕೋವಿ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಏನು ಉಪಯೋಗ? ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಮಾಡಿದವನಿಗೆ, ಮಾರಿದವನಿಗೆ 7 ವರ್ಷದಿಂದ ಜೀವಾವಧಿ. ಕೈಯಲ್ಲಿ ಟ್ಯಾಬ್ ಹಿಡಿದುಕೊಂಡು ಬಂದ ಅಪರಿಚಿತ ಹುಡುಗನ ಮುಂದೆ ಯಾರು ಬಾಯಿ ಬಿಡುತ್ತಾರೆ.

ಹಾಗಾದರೆ ಕೇಳಬಹುದಾದ ದೇಶಕ್ಕೆ ಹೋಗೋಣ. ಅಮೆರಿಕದಲ್ಲಿ 1968ರ ಬಂದೂಕು ಕಾನೂನಿನ ಅಡಿಯಲ್ಲಿ ವ್ಯಾಪಾರಕ್ಕೆ ಮಾಡುವವರಿಗೆ ಲೈಸೆನ್ಸ್ ಬೇಕು, ಬಂದೂಕಿನ ಮೇಲೆ ಸೀರಿಯಲ್ ನಂಬರ್ ಬೇಕು. ಆದರೆ ಬಂದೂಕು ಇಟ್ಟುಕೊಳ್ಳಲು ಅರ್ಹನಾದ ವ್ಯಕ್ತಿ ತನ್ನ ಸ್ವಂತಕ್ಕೆ ಅಂತ ಮನೆಯಲ್ಲೇ ಮಾಡಿಕೊಂಡರೆ ಕೇಂದ್ರದ ಕಾನೂನು ಅಡ್ಡ ಬರುವುದಿಲ್ಲ. ಹಲವು ರಾಜ್ಯಗಳು ಮಾತ್ರ ಬೇರೆ ನಿಯಮ ತಂದಿವೆ. ಅಲ್ಲಿ ಇದು ನಿಜಕ್ಕೂ "ಮನೆಯಲ್ಲಿ ಮಾಡಿದ್ದು". ಬಡಗಿ ಕೆಲಸ, ಹಳೇ ಕಾರು ರಿಪೇರಿ ಥರ ಅದೂ ಒಂದು ಹವ್ಯಾಸ ಆಗಿತ್ತು. ಬಿಡಿಭಾಗಗಳ ಕಿಟ್ ಆನ್‌ಲೈನ್‌ನಲ್ಲಿ ಸಿಗತೊಡಗಿದ ಮೇಲೆ ಹವ್ಯಾಸ ಇಲ್ಲದವರೂ ಇಳಿದರು. ನಂಬರ್ ಇಲ್ಲದ್ದರಿಂದ ಜಾಡು ಹಿಡಿಯೋಕೆ ಆಗುವುದಿಲ್ಲ, ಅದಕ್ಕೇ ಘೋಸ್ಟ್ ಗನ್ ಅನ್ನುವ ಹೆಸರು.

ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳನ್ನು ನೋಡಿಕೊಳ್ಳುವ ಅಲ್ಲಿನ ಎಟಿಎಫ್ ಇಲಾಖೆಯ ಲೆಕ್ಕ ನೋಡಿ. ಅಪರಾಧದ ತನಿಖೆಯಲ್ಲಿ ಸಿಕ್ಕಿ, ಜಾಡು ಹಿಡಿಯಲು ಇಲಾಖೆಗೆ ಬಂದ ಇಂಥ ಖಾಸಗಿ ತಯಾರಿಕೆಯ ಬಂದೂಕುಗಳು 2017ರಲ್ಲಿ 1,629. 2021ರಲ್ಲಿ 19,273. ಹತ್ತು ಪಟ್ಟಿಗೂ ಜಾಸ್ತಿ! ಇದನ್ನು ಕಂಡು ಹೌಹಾರದವರು ಇಲ್ಲ. ಆದರೆ ಬಲೆಯ ಕಥೆ ಇಲ್ಲೂ ಇದೆ. ನಂಬರೇ ಇಲ್ಲದ ಬಂದೂಕನ್ನು ಜಾಡು ಹಿಡಿಯೋಕೆ ಕಳಿಸಿ ಏನು ಪ್ರಯೋಜನ ಅಂತ ಎಷ್ಟೋ ಪೊಲೀಸ್ ಠಾಣೆಗಳು ಮೊದಲು ಕಳಿಸುತ್ತಲೇ ಇರಲಿಲ್ಲ. ಆಮೇಲೆ ಕಳಿಸಿ ಅಂತ ಹೇಳಿದರು, ಕಳಿಸಿದರು. ಏರಿಕೆಯಲ್ಲಿ ನಿಜವಾದ ಏರಿಕೆ ಇದ್ದೇ ಇದೆ, ಜೊತೆಗೆ ವರದಿ ಮಾಡುವ ಅಭ್ಯಾಸದ ಏರಿಕೆಯೂ ಬೆರೆತಿದೆ. ಆ ಐದು ವರ್ಷದಲ್ಲಿ ಜಾಡು ಹಿಡಿಯಲು ಬಂದ ಒಟ್ಟು ಬಂದೂಕುಗಳು 19 ಲಕ್ಷಕ್ಕೂ ಜಾಸ್ತಿ, ಮನೆಯಲ್ಲಿ ಮಾಡಿದ್ದು ಸುಮಾರು 38 ಸಾವಿರ. ನೂರಕ್ಕೆ ಎರಡು. "ಹತ್ತು ಪಟ್ಟು ಏರಿಕೆ" ಅಂತಲೂ ಬರೆಯಬಹುದು, "ನೂರಕ್ಕೆ ಎರಡೇ" ಅಂತಲೂ ಬರೆಯಬಹುದು, ಎರಡೂ ಸುಳ್ಳಲ್ಲ. ಮತ್ತೆ ಎರಡೂ ನಮ್ಮ ಪ್ರಶ್ನೆಗೆ ಉತ್ತರ ಅಲ್ಲ, ಯಾಕೆಂದರೆ ಮನೆಯಲ್ಲಿ ಮಾಡಿ ಬೀರುವಿನಲ್ಲಿ ಇಟ್ಟುಕೊಂಡು ಯಾವ ಅಪರಾಧವನ್ನೂ ಮಾಡದವನು ಈ ಪಟ್ಟಿಗೆ ಬರುವುದೇ ಇಲ್ಲ. 2022ರ ಆಗಸ್ಟಿನಿಂದ ಕಿಟ್ ಮಾರುವವರೂ ನಂಬರ್ ಹಾಕಬೇಕು, ಕೊಳ್ಳುವವನ ಹಿನ್ನೆಲೆ ನೋಡಬೇಕು ಅಂತ ನಿಯಮ ಬಂತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು 7-2ರಲ್ಲಿ ಒಪ್ಪಿತು.

ಅಮೆರಿಕದಲ್ಲಿ ಬಂದೂಕಿನ ಬಗ್ಗೆ ಫೋನ್ ಮಾಡಿ, ಆನ್‌ಲೈನ್‌ನಲ್ಲಿ ಕೇಳುವುದು ಮಾಮೂಲಿ. ಸಮೀಕ್ಷೆ ಮಾಡುವ ಪ್ಯೂ ಅನ್ನುವ ಸಂಸ್ಥೆ 2023ರಲ್ಲಿ ಕೇಳಿದಾಗ ನೂರರಲ್ಲಿ 32 ವಯಸ್ಕರು ತಮ್ಮ ಹತ್ತಿರ ಬಂದೂಕು ಇದೆ ಅಂದರು. ಸರಿ, ಹಾಗಾದರೆ "ಮನೆಯಲ್ಲಿ ಮಾಡಿದ್ದು ಇದೆಯಾ" ಅಂತಲೂ ಕೇಳಿಬಿಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಈ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ತುಂಬಾ ಅಪರೂಪದ ವಿಷಯವನ್ನು ಕೇಳಿದಾಗ ಸಮೀಕ್ಷೆ ವಿಚಿತ್ರವಾಗಿ ಕೈಕೊಡುತ್ತದೆ. ಸಾವಿರ ಜನರನ್ನು ಕೇಳಿದಿರಿ ಅಂತ ಇಟ್ಟುಕೊಳ್ಳಿ. ನಿಜವಾಗಿ 5 ಜನರ ಹತ್ತಿರ ಮಾತ್ರ ಅಂಥ ಬಂದೂಕು ಇದೆ. ಉಳಿದ 995 ಜನರಲ್ಲಿ ನೂರಕ್ಕೆ ಒಬ್ಬರು ಪ್ರಶ್ನೆ ಸರಿಯಾಗಿ ಓದದೆ, ಅಥವಾ ತಮಾಷೆಗೆ, ಅಥವಾ ಬೆರಳು ಜಾರಿ "ಹೌದು" ಒತ್ತಿದರು. ಅದು ಸುಮಾರು 10 ಜನ ಆಯಿತು. ನಿಜವಾದ ಐವರೂ ಪ್ರಾಮಾಣಿಕವಾಗಿ ಹೇಳಿದರೂ ಒಟ್ಟು 15 ಹೌದು. ನಿಮ್ಮ ವರದಿ ಮೂರು ಪಟ್ಟು ಉಬ್ಬಿತು. ತಪ್ಪು ಮಾಡಿದವರು ನೂರಕ್ಕೆ ಒಬ್ಬರೇ, ಆದರೆ ತಪ್ಪು ಮಾಡೋಕೆ ಅವಕಾಶ ಇದ್ದವರು 995 ಜನ, ಅದೇ ಸಮಸ್ಯೆ. ಅರ್ಧ ಊರಿಗೆ ಇರುವ ಟಿವಿಯ ಬಗ್ಗೆ ಕೇಳಿದರೆ ಈ ತೊಂದರೆ ಕಾಣುವುದಿಲ್ಲ, ಎರಡೂ ಕಡೆಯ ತಪ್ಪು ಒಂದನ್ನೊಂದು ತಿಂದುಹಾಕುತ್ತದೆ.

ಹಾರ್ವರ್ಡ್‌ನ ಡೇವಿಡ್ ಹೆಮೆನ್‌ವೇ 1997ರಲ್ಲಿ ಇದನ್ನು ಬಂದೂಕಿನ ಇನ್ನೊಂದು ವಾದದಲ್ಲಿ ಎತ್ತಿದರು. ಆತ್ಮರಕ್ಷಣೆಗೆ ಅಮೆರಿಕನ್ನರು ವರ್ಷಕ್ಕೆ 25 ಲಕ್ಷ ಸಲ ಬಂದೂಕು ಬಳಸುತ್ತಾರೆ ಅನ್ನುವ ಅಂಕಿ ಆಗ ಎಲ್ಲ ಕಡೆ ಓಡಾಡುತ್ತಿತ್ತು. ಅದಕ್ಕೆ ಅವರು ತೋರಿಸಿದ್ದು 1994ರ ಒಂದು ಟಿವಿ-ಪತ್ರಿಕೆ ಸಮೀಕ್ಷೆ. ಅದರಲ್ಲಿ ನೂರರಲ್ಲಿ 10 ಜನ ಬೇರೆ ಗ್ರಹದ ನೌಕೆ ನೋಡಿದ್ದೇವೆ ಅಂದಿದ್ದರು. ಆ ಹತ್ತು ಪಾಲಿನಲ್ಲೂ ನೂರಕ್ಕೆ 6 ಮಂದಿ ಆ ಗ್ರಹದವರ ಜೊತೆ ಸಂಪರ್ಕವೂ ಆಗಿತ್ತು ಅಂದರು. ದೇಶಕ್ಕೆ ಗುಣಿಸಿದರೆ 12 ಲಕ್ಷ ಅಮೆರಿಕನ್ನರಿಗೆ ಅನ್ಯಗ್ರಹದವರ ಸಂಪರ್ಕ ಆಗಿರಬೇಕು. ಯಾರೂ ಹಾಗೆ ಗುಣಿಸಲಿಲ್ಲ. ಬಂದೂಕಿನ ವಿಷಯ ಬಂದಾಗ ಮಾತ್ರ ಗುಣಿಸಿದರು.

ಮನೆಯಲ್ಲಿ ಮಾಡಿದ ಬಂದೂಕಿನ ವಿಷಯದಲ್ಲಿ ಪ್ರಶ್ನೆ ಅರ್ಥವಾಗುವುದೇ ಕಷ್ಟ. ಅಂಗಡಿಯಲ್ಲಿ ನಂಬರ್ ಇರುವ ಮುಖ್ಯ ಭಾಗ ಕೊಂಡು, ಉಳಿದದ್ದನ್ನು ಬಿಡಿಯಾಗಿ ತರಿಸಿ ಮೇಜಿನ ಮೇಲೆ ಜೋಡಿಸಿಕೊಳ್ಳುವವರು ಅಲ್ಲಿ ಬೇಕಾದಷ್ಟು ಜನ. ಅಮೆರಿಕದ ಕಾನೂನಿನ ಕಣ್ಣಲ್ಲಿ ಆ ಮುಖ್ಯ ಭಾಗವೇ ಬಂದೂಕು, ಅದಕ್ಕೆ ನಂಬರ್ ಇದೆ, ಹಾಗಾಗಿ ಅದು ಘೋಸ್ಟ್ ಗನ್ ಅಲ್ಲ. ಆದರೆ "ನೀವೇ ಮಾಡಿದ ಬಂದೂಕು ಇದೆಯಾ" ಅಂತ ಕೇಳಿದರೆ ಅವನು ಎದೆಯುಬ್ಬಿಸಿ ಹೌದು ಅನ್ನುತ್ತಾನೆ. ನಿಜವಾಗಿ ನಂಬರ್ ಇಲ್ಲದ್ದನ್ನು ಇಟ್ಟುಕೊಂಡವನು ಸರ್ಕಾರದ ಮೇಲಿನ ಅನುಮಾನದಿಂದಲೇ ಹಾಗೆ ಮಾಡಿಕೊಂಡಿರಬಹುದು, ಅಂಥವನು ಸಮೀಕ್ಷೆಯವರ ಫೋನೇ ಎತ್ತದೇ ಇರಬಹುದು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಎರಡೂ ಸಮವಾಗಿ ಕಳೆದುಹೋಗುತ್ತವೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ?

ನಡುವೆ ಒಂದು ಅಡ್ಡಮಾತು. ಸಂಖ್ಯೆ ದೊಡ್ಡದಾದರೆ ಮಾತ್ರ ಹೆದರಬೇಕು, ಸಣ್ಣದಾದರೆ ನಿಶ್ಚಿಂತೆ ಅನ್ನುವುದೂ ಸರಿಯಲ್ಲ. ಜಪಾನ್‌ನಲ್ಲಿ ನೂರು ಜನಕ್ಕೆ 0.3 ಬಂದೂಕು, ಪ್ರಪಂಚದಲ್ಲೇ ತೀರಾ ಕಡಿಮೆ. ಅಲ್ಲೇ 2022ರ ಜುಲೈ 8ರಂದು ನಾರಾ ನಗರದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ಮನೆಯಲ್ಲಿ ಮಾಡಿದ ಬಂದೂಕಿನಿಂದ ಕೊಂದರು. ನಮ್ಮಲ್ಲಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಕೊಂದರು. ಎರಡೂ ಕಡೆ ಗುಂಡು ಹಾರಿದ್ದು 7.65 ಎಂಎಂನ ಒಂದೇ ನಾಡ ಪಿಸ್ತೂಲಿನಿಂದ ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಗುಂಡಿನ ಮೇಲೂ ತೋಟಾದ ಮೇಲೂ ಬಿದ್ದ ಗೀರುಗಳನ್ನು ಹೋಲಿಸಿ ಕಂಡುಕೊಂಡಿದ್ದು ಅದು. ನಂಬರ್ ಇಲ್ಲದ ಪಿಸ್ತೂಲಿಗೂ ಒಂದು ಕೈಬರಹ ಇರುತ್ತದೆ. ನಮ್ಮ ಎಣಿಕೆಯಲ್ಲಿ ಅದು ಒಂದು, ಅಟ್ಟದ ಮೇಲೆ ಜಿರಲೆ ಕೂತಿರುವ ಕೋವಿಯೂ ಒಂದು.

ಜನ ಹೆದರದೆ ನಿಜ ಹೇಳುವ ಹಾಗೆ ಕೇಳುವ ಒಂದು ಉಪಾಯವನ್ನು ಸಂಖ್ಯಾಶಾಸ್ತ್ರದವರು ಕಂಡುಹಿಡಿದಿದ್ದಾರೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಶುರು ಮಾಡಿದ ಯೋಚನೆ. ಅದರ ಸರಳ ರೂಪ ಹೀಗೆ. ಉತ್ತರ ಕೊಡುವವನ ಕೈಗೆ ಒಂದು ನಾಣ್ಯ ಕೊಡುತ್ತೀರಿ. ಅವನು ನಿಮಗೆ ಕಾಣದ ಹಾಗೆ ಚಿಮ್ಮುತ್ತಾನೆ. ಸಿಂಹ ಬಿದ್ದರೆ ಬಂದೂಕು ಇರಲಿ ಬಿಡಲಿ "ಹೌದು" ಅನ್ನಬೇಕು. ನಂಬರ್ ಬಿದ್ದರೆ ನಿಜ ಹೇಳಬೇಕು. ಅವನು "ಹೌದು" ಅಂದರೆ ಅದು ನಾಣ್ಯದ ಹೌದಾ, ಬಂದೂಕಿನ ಹೌದಾ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಪೊಲೀಸರಿಗೂ. ಆದರೆ ಸಾವಿರ ಜನರ ಒಟ್ಟು ಲೆಕ್ಕದಲ್ಲಿ ಗುಟ್ಟು ಹೊರಬರುತ್ತದೆ. ನಾಣ್ಯವೇ ಸುಮಾರು 500 ಹೌದು ಕೊಡುತ್ತದೆ. ಒಟ್ಟು 530 ಬಂದರೆ, ನಿಜ ಹೇಳಬೇಕಿದ್ದ ಉಳಿದ 500ರಲ್ಲಿ 30 ಜನರ ಹತ್ತಿರ ಇದೆ, ಅಂದರೆ ನೂರಕ್ಕೆ ಆರು. ಚಂದ ಅಲ್ವಾ? ಒಂದು ತೊಂದರೆ ಅಂದರೆ ನಾಣ್ಯ ಅಷ್ಟು ಶಿಸ್ತಿನದ್ದಲ್ಲ. ಸಾವಿರ ಸಲ ಚಿಮ್ಮಿದರೆ 515 ಸಿಂಹ ಬೀಳುವುದು, 485 ಬೀಳುವುದು ಎಲ್ಲ ಮಾಮೂಲಿ. ಆ ಅಲುಗಾಟದೊಳಗೇ ನಮ್ಮ ಆರು ಮುಳುಗಿಹೋಗಬಹುದು. ಅದಕ್ಕೇ ಸಾವಿರ ಸಾಲದು, ಹತ್ತಾರು ಸಾವಿರ ಜನ ಬೇಕು.

ಹೋದ ಬೇಸಿಗೆಯಲ್ಲಿ ದೊಡ್ಡಪ್ಪನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಇದನ್ನು ಸುಮ್ನೆ ಆಡಿ ನೋಡಿದೆ. ಊಟ ಆಗಿ ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಗಂಡಸರು ಹನ್ನೆರಡು ಜನ. ಎರಡು ರೂಪಾಯಿ ನಾಣ್ಯ ಕೊಟ್ಟು ನಿಯಮ ವಿವರಿಸಿದೆ. ಎರಡು ಸಲ ವಿವರಿಸಿದೆ. ಒಬ್ಬೊಬ್ಬರೇ ಕಂಬದ ಹಿಂದೆ ಹೋಗಿ ಚಿಮ್ಮಿ ಬಂದು ಉತ್ತರ ಹೇಳಿದರು. ಹನ್ನೆರಡು ಜನರಲ್ಲಿ ಯಾರ ಹತ್ತಿರ ಏನೂ ಇಲ್ಲದಿದ್ದರೂ ನಾಣ್ಯದ ಲೆಕ್ಕದಲ್ಲೇ ಆರು ಹೌದು ಬರಬೇಕು, ಹೆಚ್ಚುಕಡಿಮೆ ಅಂದರೂ ನಾಲ್ಕು. ಬಂದದ್ದು ಒಂದು. ಆ ಒಂದೂ ಹತ್ತನೇ ಕ್ಲಾಸಿನ ಹುಡುಗನದ್ದು, ಅವನಿಗೆ ಆಟ.

ಆಮೇಲೆ ದೊಡ್ಡಪ್ಪನ ಪಕ್ಕ ಕೂತು ಮೆಲ್ಲಗೆ ಕೇಳಿದೆ, "ದೊಡ್ಡಪ್ಪ, ನಿಮ್ಮದು ಏನು ಬಿದ್ದಿತ್ತು?"

"ಸಿಂಹವೇ ಬಿದ್ದಿತ್ತು ಮಾರಾಯ."

"ಮತ್ತೆ ಇಲ್ಲ ಅಂದ್ರಲ್ಲ? ಹೌದು ಅನ್ನಬೇಕಿತ್ತು."

ಅವರು ಅಂಗಳಕ್ಕೆ ಎಲೆಅಡಿಕೆ ಉಗಿದು ಬಂದು ಕೂತರು. "ಅಲ್ಲ, ಹೌದು ಅಂತ ಹನ್ನೆರಡು ಜನರ ಎದುರು ಹೇಳಿದ ಮೇಲೆ, ನಾಳೆ ಠಾಣೆಯಲ್ಲಿ ನಿನ್ನ ನಾಣ್ಯ ಬಂದು ಸಾಕ್ಷಿ ಹೇಳುತ್ತದಾ?"